ಬೀಡು ಕಬ್ಬಿಣದ ಬಾಣಲೆ: 14 ತಿಂಗಳು, ಒಂದೇ ತಿಂಡಿ

ಈ ಬಾಣಲೆ ನಮ್ಮ ಮನೆಗೆ ಬಂದು 14 ತಿಂಗಳಾಯಿತು. ನಮ್ಮಲ್ಲಿ ಬೆಳಗಿನ ತಿಂಡಿ ನನ್ನ ಪಾಲಿನ ಕೆಲಸ. ಹೆಂಡತಿ 7 ಗಂಟೆಗೆಲ್ಲ ಕೆಲಸಕ್ಕೆ ಹೊರಡುತ್ತಾಳೆ, ಮಗಳು 8ಕ್ಕೆ ಸ್ಕೂಲಿಗೆ. ವಾರದಲ್ಲಿ ಮೂರು ದಿನವಾದರೂ ಮಗಳು ಕೇಳುವುದು ಒಂದೇ, ಗರಿಗರಿ ಆಲೂಗಡ್ಡೆ. ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದಲ್ಲ. ಬಾಣಲೆಯಲ್ಲಿ ಎರಡು ಮೂರು ಚಮಚ ಎಣ್ಣೆ ಹಾಕಿ ಹುರಿದದ್ದು. ಹೊರಗೆ ಕೆಂಪಗಿರಬೇಕು, ಕಚ್ಚಿದರೆ ಕರಕ್ ಅನ್ನಬೇಕು, ಒಳಗೆ ಬೆಣ್ಣೆಯ ಹಾಗೆ ಬೆಂದಿರಬೇಕು. ಬಾಣಲೆ ಹೇಗಿದೆ ಅಂತ ಆ ಒಂದು ತಿಂಡಿಯ ಮೇಲೆಯೇ ಹೇಳುತ್ತೇನೆ. ಬೇರೆ ಅಡುಗೆಗಳನ್ನು ಇದರಲ್ಲಿ ಅಷ್ಟಾಗಿ ಮಾಡಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಬಾಣಲೆ ನನಗೆ ತುಂಬಾ ಇಷ್ಟವಾಗಿದೆ. ಆದರೆ ಎಲ್ಲರಿಗೂ ತೆಗೆದುಕೊಳ್ಳಿ ಅನ್ನಲಾರೆ. ಯಾಕೆ ಅನ್ನುವುದನ್ನು ಆಮೇಲೆ ಬರೆಯುತ್ತೇನೆ. ಕಂಪನಿಯ ಹೆಸರು ಬೇಕಂತಲೇ ಬಿಟ್ಟಿದ್ದೇನೆ. ಇದೇ ಅಳತೆಯ, ಇದೇ ತೂಕದ ಬೀಡು ಬಾಣಲೆಯನ್ನು ಯಾರು ಎರಕ ಹೊಯ್ದರೂ ಅದು ಆಲೂಗಡ್ಡೆಯ ಜೊತೆ ನಡೆದುಕೊಳ್ಳುವ ರೀತಿ ಹೆಚ್ಚುಕಮ್ಮಿ ಒಂದೇ.

ಇದಕ್ಕೆ ಮುಂಚೆ ನಾನ್‌ಸ್ಟಿಕ್ ಪ್ಯಾನ್ ಇತ್ತು. ಎರಡು ವರ್ಷಕ್ಕೆ ಅದರ ಲೇಪನ ನಡುವೆ ಮಂಕಾಗಿ, ಆಮೇಲೆ ಸಣ್ಣ ಸಣ್ಣ ಚಕ್ಕೆಯಾಗಿ ಏಳತೊಡಗಿತು. ತಪ್ಪು ನನ್ನದೇ ಇತ್ತು ಅಂತ ಈಗ ಗೊತ್ತು. ಆಲೂಗಡ್ಡೆ ಗರಿಗರಿಯಾಗಲಿ ಅಂತ ದಿನಾ ಖಾಲಿ ಪ್ಯಾನನ್ನು ಜೋರು ಉರಿಯಲ್ಲಿ ಕಾಯಿಸುತ್ತಿದ್ದೆ. ಆ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಾಳಾಗಲು ಶುರುವಾಗುತ್ತದೆ. ಖಾಲಿ ಪ್ಯಾನ್ ಜೋರು ಉರಿಯಲ್ಲಿ ಅಷ್ಟು ಕಾಯಲು ಕೆಲವೇ ನಿಮಿಷ ಸಾಕು. ಗರಿಗರಿ ಆಗಬೇಕೆಂದರೆ ಬಿಸಿ ಬೇಕು, ಬಿಸಿ ಮಾಡಿದರೆ ಲೇಪನ ಹೋಗುತ್ತದೆ. ಹಾಗಾಗಿ ಲೇಪನವೇ ಇಲ್ಲದ ಬಾಣಲೆ ಹುಡುಕಿದೆ.

ಬಂದದ್ದು 26 ಸೆಂಟಿಮೀಟರ್ ಅಗಲದ, ಚಪ್ಪಟೆ ತಳದ, ಸುಮಾರು ಎರಡು ಇಂಚು ಎತ್ತರದ ಅಂಚಿರುವ ಬೀಡು ಬಾಣಲೆ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, 2 ಕಿಲೋ 400 ಗ್ರಾಂ. ಹಿಡಿಯೂ ಅದೇ ಎರಕದಲ್ಲಿ ಹೊಯ್ದದ್ದು, ಬೆಸುಗೆ ಇಲ್ಲ, ತಿರುಪು ಇಲ್ಲ. ಹಿಡಿಯ ತುದಿಯಲ್ಲಿ ನೇತುಹಾಕಲು ತೂತು. ಎದುರು ಬದಿಯಲ್ಲಿ ಇನ್ನೊಂದು ಸಣ್ಣ ಕಿವಿ, ಎರಡೂ ಕೈಯಲ್ಲಿ ಎತ್ತಲಿ ಅಂತ. ಅಂಚಿನಲ್ಲಿ ಎರಡು ಕಡೆ ಎಣ್ಣೆ ಬಗ್ಗಿಸಲು ಮೂತಿ ಇದೆ. ಒಳಮೈ ಮುಟ್ಟಿದರೆ ಸಣ್ಣ ಮರಳು ಕಾಗದದ ಹಾಗೆ ತರಿತರಿ. ಇದು ಎರಕದ ಅಚ್ಚಿನ ಮರಳಿನ ಗುರುತು. ಮೊದಲು ನೋಡಿದಾಗ ಇದು ಅಂಟಿಕೊಳ್ಳದೆ ಇರುತ್ತದಾ ಅಂತ ಗಾಬರಿಯಾಯಿತು.

ಮೊದಲ ದಿನ ಅಂಟಿಕೊಂಡಿತು. ಬರೀ ಅಂಟಿಕೊಂಡದ್ದಲ್ಲ, ಕೆರೆದು ತೆಗೆಯಬೇಕಾಯಿತು. ಪೆಟ್ಟಿಗೆಯ ಮೇಲೆ ‘ಪಳಗಿಸಿದೆ, ನೇರವಾಗಿ ಬಳಸಿ’ ಅಂತ ಬರೆದಿತ್ತು. ನಂಬಿಕೊಂಡು ಹಸಿ ಆಲೂಗಡ್ಡೆಯನ್ನು ಹೆಚ್ಚಿ, ತೊಳೆದು, ನೀರು ಬಸಿದ ಹಾಗೆ ಮಾಡಿ ಸುರಿದುಬಿಟ್ಟೆ. ಒಂದು ನಿಮಿಷಕ್ಕೊಮ್ಮೆ ಕೈಯಾಡಿಸಿದೆ. ಗರಿಗರಿ ಆಗಬೇಕಿದ್ದ ಪದರವೆಲ್ಲ ತಳಕ್ಕೆ ಹಿಡಿದು, ಮೇಲೆ ಉಳಿದದ್ದು ಬೆತ್ತಲೆ ಚೂರುಗಳು. ಕೆಲವು ಒಳಗೆ ಇನ್ನೂ ಹಸಿ. ಮಗಳು ಏನೂ ಅನ್ನದೆ ತಿಂದಳು. ತಟ್ಟೆ ಇಡುವಾಗ ಮಾತ್ರ, ‘ಅಪ್ಪಾ, ಹಳೇ ಪ್ಯಾನೇ ಚೆನ್ನಾಗಿತ್ತು ಅಲ್ವಾ?’ ಅಂದಳು.

ಆ ಮಾತು ಮನಸ್ಸಿಗೆ ನಾಟಿತು. ಆಮೇಲೆ ಮೂರು ವಾರ ಇದರ ಹಿಂದೆಯೇ ಬಿದ್ದೆ. ತಪ್ಪು ಬಾಣಲೆಯದಲ್ಲ, ಅದರ ಸ್ವಭಾವ ತಿಳಿಯದೆ ಕೆಲಸ ಮಾಡಿದ್ದೇ ತಪ್ಪು ಅಂತ ಗೊತ್ತಾಯಿತು. ಆ ಸ್ವಭಾವವನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಾಣಲೆ ಕೊಳ್ಳಬೇಕೋ ಬೇಡವೋ ಅನ್ನುವುದು ಅದರ ಮೇಲೆಯೇ ನಿಂತಿದೆ.

ಆಲೂಗಡ್ಡೆಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಚೂರಿನ ಮೈಮೇಲೆ ನೀರಿರುವ ತನಕ ಅಲ್ಲಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೆಂಪಗಾಗುವ ಕೆಲಸ ಚುರುಕಾಗುವುದು ಸುಮಾರು 140 ಡಿಗ್ರಿಯ ಮೇಲೆ. ಆಲೂಗಡ್ಡೆಯಲ್ಲಿರುವ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬಿಸಿಯಲ್ಲಿ ಒಂದಕ್ಕೊಂದು ಬೆರೆತು ಆ ಬಣ್ಣ, ಆ ಪರಿಮಳ ಕೊಡುತ್ತವೆ. ಇದನ್ನು 1912ರಲ್ಲಿ ಮೊದಲು ವಿವರಿಸಿದ ಫ್ರಾನ್ಸಿನ ಲೂಯಿ ಕಮಿಯ್ ಮಯಾರ್ ಅವರ ಹೆಸರೇ ಆ ಕ್ರಿಯೆಗೆ ಉಳಿದಿದೆ. ಅಂದರೆ ಮೊದಲು ಮೈಯ ನೀರು ಹೋಗಬೇಕು. ಆ ಮೇಲೆಯೇ ಬಣ್ಣ. ಇಲ್ಲಿ ಒಂದು ಲೆಕ್ಕ ನನ್ನ ಕಣ್ಣು ತೆರೆಸಿತು. ಒಂದು ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ತರಲು ಬೇಕಾದ ಶಾಖದ ಐದು ಪಟ್ಟಿಗಿಂತ ಜಾಸ್ತಿ ಶಾಖ, ಅದೇ ನೀರನ್ನು ಆವಿ ಮಾಡಲು ಬೇಕು. ಒದ್ದೆ ಆಲೂಗಡ್ಡೆ ಬಿದ್ದ ತಕ್ಷಣ ಬಾಣಲೆಯ ಬಿಸಿಯನ್ನೆಲ್ಲ ಆ ನೀರೇ ಕುಡಿದುಬಿಡುತ್ತದೆ. ಆಮೇಲೆ ಹುರಿಯುವುದಿಲ್ಲ, ಬೇಯುತ್ತದೆ ಅಷ್ಟೇ.

ಇಲ್ಲಿಯೇ ಈ ಬಾಣಲೆಯ ತೂಕ ಕೆಲಸಕ್ಕೆ ಬರುವುದು. ಕಬ್ಬಿಣ ಚೆನ್ನಾಗಿ ಶಾಖ ಹರಡುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಅದು ನಿಜವಲ್ಲ. ಶಾಖ ಹರಡುವುದರಲ್ಲಿ ಅಲ್ಯೂಮಿನಿಯಂ ಇದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಚುರುಕು. ಗ್ರಾಂ ಲೆಕ್ಕದಲ್ಲಿ ನೋಡಿದರೆ ಶಾಖ ಹಿಡಿದಿಡುವುದರಲ್ಲೂ ಅಲ್ಯೂಮಿನಿಯಂ ಎರಡು ಪಟ್ಟು ಮುಂದೆ. ಆದರೆ ಅಲ್ಯೂಮಿನಿಯಂ ಪ್ಯಾನ್ 700 ಗ್ರಾಂ ಇದ್ದರೆ ಇದು 2 ಕಿಲೋ 400 ಗ್ರಾಂ. ಗೆಲ್ಲುವುದು ಆ ದಪ್ಪ, ಆ ಭಾರ. ನಮ್ಮಲ್ಲಿರುವ 900 ಗ್ರಾಮಿನ ಸ್ಟೀಲ್ ಪ್ಯಾನಿಗೆ ಹೋಲಿಸಿದರೆ ಇದು ಎರಡು ಪಟ್ಟಿಗೂ ಜಾಸ್ತಿ ಬಿಸಿ ಕೂಡಿಟ್ಟುಕೊಂಡಿರುತ್ತದೆ. ಆಲೂಗಡ್ಡೆ ಸುರಿದಾಗ ಅಷ್ಟು ಸುಲಭಕ್ಕೆ ತಣ್ಣಗಾಗುವುದಿಲ್ಲ.

ಇದನ್ನು ಸುಮ್ನೆ ಓದಿ ಬರೆಯುತ್ತಿಲ್ಲ. ಒಂದು ಭಾನುವಾರ ಅಕ್ಕನ ಮನೆಯಿಂದ ಅವರ ಹೊಸ ನಾನ್‌ಸ್ಟಿಕ್ ಪ್ಯಾನ್ ತಂದೆ. ನಮ್ಮ ಸ್ಟೀಲ್ ಪ್ಯಾನ್, ಈ ಬಾಣಲೆ, ಒಟ್ಟು ಮೂರು. ಒಂದೇ ಚೀಲದ ಆಲೂಗಡ್ಡೆಯನ್ನು ಒಟ್ಟಿಗೆ ಅರೆಬೇಯಿಸಿ, ತಲಾ 250 ಗ್ರಾಂ ಹಾಕಿದೆ. ಎಣ್ಣೆ ತಲಾ ಒಂದೂವರೆ ಚಮಚ. ಸ್ಟೀಲ್ ಪ್ಯಾನಿನಲ್ಲಿ ಬಣ್ಣ ಬೇಗ ಬಂತು, ಆದರೆ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬಿಳಿ. ಮಗುಚುವಾಗ ಅರ್ಧ ಪದರ ತಳದಲ್ಲೇ ಉಳಿಯಿತು. ನಾನ್‌ಸ್ಟಿಕ್ಕಿನಲ್ಲಿ ಒಂದೂ ಅಂಟಲಿಲ್ಲ. ಎಲ್ಲ ಚೂರೂ ಒಂದೇ ಸಮ ಹೊಂಬಣ್ಣ. ನೋಡಲು ಮೂರರಲ್ಲಿ ಅದೇ ಚೆಂದ. ಆದರೆ ಪದರ ತೆಳ್ಳಗೆ, ತಟ್ಟೆಗೆ ಹಾಕಿ ಐದು ನಿಮಿಷಕ್ಕೆ ಮೆತ್ತಗಾಯಿತು. ಬೀಡು ಬಾಣಲೆಯದು ಕಾಯಲಿಕ್ಕೇ ಏಳು ನಿಮಿಷ ತೆಗೆದುಕೊಂಡಿತು. ಮುಗಿದಾಗ ಚೂರುಗಳ ಎರಡು ಮೂರು ಮುಖದಲ್ಲಿ ಉಗುರಿನಿಂದ ತಟ್ಟಿದರೆ ಸದ್ದು ಬರುವಷ್ಟು ಗಟ್ಟಿ ಪದರ ಇತ್ತು. ಹೆಂಡತಿ ಸ್ನಾನ ಮುಗಿಸಿ ಬರುವ ಹೊತ್ತಿಗೂ ಅದು ಹಾಗೇ ಇತ್ತು. ಯಾವುದು ಯಾವ ಪ್ಯಾನಿನದು ಅಂತ ಹೇಳದೆ ಮೂರೂ ತಟ್ಟೆ ಮುಂದಿಟ್ಟೆ. ‘ಇದು ರೀ’ ಅಂತ ಎರಡನೇ ಮಾತಿಲ್ಲದೆ ಇದನ್ನೇ ತೋರಿಸಿದಳು.

ಈಗ ನಾನು ಮಾಡುವ ಬಗೆ. ಮೂರು ಜನಕ್ಕೆ ಅರ್ಧ ಕಿಲೋ ಆಲೂಗಡ್ಡೆ. ಸಿಪ್ಪೆ ತೆಳ್ಳಗಿದ್ದರೆ ತೆಗೆಯುವುದಿಲ್ಲ, ಚೆನ್ನಾಗಿ ಉಜ್ಜಿ ತೊಳೆಯುತ್ತೇನೆ. ಹಸಿರು ಬಣ್ಣ ತಿರುಗಿದ ಭಾಗ, ಮೊಳಕೆಯ ಕಣ್ಣು ಇದ್ದರೆ ದಪ್ಪವಾಗಿ ಕೆತ್ತಿ ಎಸೆಯುತ್ತೇನೆ. ಬೆಳಕು ತಾಗಿ ಹಸಿರಾದ ಕಡೆ ಸೊಲನೈನ್ ಅನ್ನುವ ಕಹಿ ವಿಷ ಹೆಚ್ಚಿರುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಪೂರ್ತಿ ಹಸಿರಾಗಿದ್ದರೆ ಇಡೀ ಗಡ್ಡೆಯೇ ಬೇಡ. ಹೋಳು ಎಲ್ಲವೂ ಒಂದೇ ಅಳತೆ, ಸುಮಾರು ಒಂದೂವರೆ ಸೆಂಟಿಮೀಟರಿನ ಚೌಕ. ಸಣ್ಣದು ದೊಡ್ಡದು ಬೆರೆತರೆ ಸಣ್ಣದು ಸುಟ್ಟಿರುತ್ತದೆ, ದೊಡ್ಡದು ಬೆಂದಿರುವುದಿಲ್ಲ.

ತಣ್ಣೀರಿನಲ್ಲಿ ಎರಡು ಸಲ ತೊಳೆದರೆ ಬಿಳಿ ಗಂಜಿ ನೀರು ಇಳಿಯುತ್ತದೆ. ಹೆಚ್ಚುವಾಗ ಒಡೆದು ಹೊರಬಂದ ಪಿಷ್ಟ ಅದು. ತೊಳೆಯದೆ ಬಿಟ್ಟರೆ ಚೂರುಗಳು ಒಂದಕ್ಕೊಂದು ಅಂಟಿ, ತಳಕ್ಕೂ ಅಂಟುತ್ತವೆ. ಆಮೇಲೆ ತಣ್ಣೀರಿಗೇ ಹಾಕಿ, ಒಂದು ಚಮಚ ಉಪ್ಪು ಸೇರಿಸಿ ಒಲೆಗೆ ಇಡುತ್ತೇನೆ. ಕುದಿ ಬಂದ ಮೇಲೆ ನಾಲ್ಕೈದು ನಿಮಿಷ. ಚಾಕುವಿನ ತುದಿ ಸಲೀಸಾಗಿ ಇಳಿಯಬೇಕು, ಆದರೆ ಚೂರು ಒಡೆಯಬಾರದು. ಉಪ್ಪು ಇಲ್ಲಿಯೇ ಹಾಕಿದರೆ ಒಳಗಿನ ತನಕ ಹಿಡಿಯುತ್ತದೆ.

ಆ ನೀರಿಗೆ ಚಿಟಿಕೆ ಅಡುಗೆ ಸೋಡ ಹಾಕಿ ನೋಡಿದ್ದೇನೆ, ಒಂದು ಚಮಚ ವಿನೆಗರ್ ಹಾಕಿಯೂ ನೋಡಿದ್ದೇನೆ. ಎರಡೂ ಒಂದಕ್ಕೊಂದು ತೀರಾ ವಿರುದ್ಧ. ಆಲೂಗಡ್ಡೆಯ ಕೋಶಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಸೋಡ ಅದನ್ನು ಸಡಿಲ ಮಾಡುತ್ತದೆ. ಚೂರಿನ ಅಂಚು ಕರಗಿ ಹಿಟ್ಟು ಹಿಟ್ಟಾಗುತ್ತದೆ, ಆ ಒರಟು ಮೈ ಎಣ್ಣೆಯಲ್ಲಿ ತುಂಬಾ ಗರಿಗರಿಯಾಗುತ್ತದೆ. ವಿನೆಗರ್ ಹುಳಿ ಅದೇ ಪೆಕ್ಟಿನ್ನನ್ನು ಬಿಗಿ ಮಾಡುತ್ತದೆ. ಚೂರು ಒಡೆಯುವುದೇ ಇಲ್ಲ, ಮೂಲೆಗಳು ಚೂಪಾಗಿ ಉಳಿಯುತ್ತವೆ. ನನ್ನ ಮಟ್ಟಿಗೆ ಸೋಡ ಜಾಸ್ತಿ ಇಷ್ಟ. ಆದರೆ ಒಂದು ಲೀಟರ್ ನೀರಿಗೆ ಕಾಲು ಚಮಚ ದಾಟಬಾರದು. ಒಂದು ಸಲ ಅರ್ಧ ಚಮಚ ಬಿತ್ತು. ರುಚಿಯಲ್ಲಿ ಸೋಪಿನ ವಾಸನೆ ಉಳಿಯಿತು, ಚೂರೆಲ್ಲ ಮುದ್ದೆಯಾಯಿತು. ಸೋಡ ಇಲ್ಲದೆಯೂ ಚೆನ್ನಾಗಿಯೇ ಬರುತ್ತದೆ. ಬಸಿದ ಮೇಲೆ ಪಾತ್ರೆಗೆ ಮುಚ್ಚಳ ಹಾಕಿ ನಾಲ್ಕೈದು ಸಲ ಕುಲುಕಿದರೆ ಸಾಕು, ಅಂಚುಗಳು ಒರಟಾಗುತ್ತವೆ.

ಆಮೇಲೆ ಮಾಡುವ ಕೆಲಸವೇ ಮುಖ್ಯ. ಬಸಿದ ಚೂರುಗಳನ್ನು ಅಗಲ ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಬಿಡುವುದು. ಬಿಸಿ ಚೂರಿನಿಂದ ಹಬೆ ಏಳುತ್ತಿರುತ್ತದೆ. ಆ ಹಬೆಯ ಜೊತೆ ಹೋಗುವ ನೀರು ಬಾಣಲೆ ಆವಿ ಮಾಡಬೇಕಾಗಿಲ್ಲದ ನೀರು. ಹತ್ತು ನಿಮಿಷದ ನಂತರ ನೋಡಿದರೆ ಮಿನುಗುತ್ತಿದ್ದ ಮೈ ಮಂಕಾಗಿ, ಬೂದಿ ಬಳಿದ ಹಾಗೆ ಕಾಣುತ್ತದೆ. ಹಾಗೆ ಕಂಡರೆ ಹದ ಬಂತು ಅಂತ ಅರ್ಥ. ಬೆಳಗ್ಗೆ ಇಷ್ಟು ಹೊತ್ತು ಇಲ್ಲ ಅನ್ನುವವರು ಹಿಂದಿನ ರಾತ್ರಿಯೇ ಬೇಯಿಸಿ, ಆರಿಸಿ, ಮುಚ್ಚದೆ ಫ್ರಿಜ್ಜಿನಲ್ಲಿ ಇಡಬಹುದು. ತಣ್ಣಗಾದಾಗ ಬೆಂದ ಪಿಷ್ಟ ಮತ್ತೆ ಗಟ್ಟಿ ಕಟ್ಟುತ್ತದೆ, ಮೈ ಇನ್ನೂ ಒಣಗುತ್ತದೆ. ನನ್ನ ಅನುಭವದಲ್ಲಿ ರಾತ್ರಿಯ ಆಲೂಗಡ್ಡೆಯೇ ಬೆಳಗ್ಗೆ ಹೆಚ್ಚು ಗರಿಗರಿ. ಈಗ ವಾರದ ದಿನಗಳಲ್ಲಿ ಹೀಗೇ ಮಾಡುತ್ತೇನೆ.

ಬಾಣಲೆಯನ್ನು ಎಣ್ಣೆ ಹಾಕದೆ ಹದ ಉರಿಯಲ್ಲಿ ಐದಾರು ನಿಮಿಷ ಕಾಯಿಸಬೇಕು. ಒಂದು ಹನಿ ನೀರು ಚಿಮುಕಿಸಿದರೆ ಅದು ಚುಂಯ್ ಅಂತ ಆರಿಹೋಗದೆ, ಮುತ್ತಿನ ಹಾಗೆ ಉರುಳಾಡಬೇಕು. ಅಂದರೆ ಸುಮಾರು 200 ಡಿಗ್ರಿ ಬಂದಿದೆ. ಹನಿಯ ಅಡಿಯಲ್ಲಿ ಆವಿಯ ತೆಳು ಹಾಸಿಗೆ ಹುಟ್ಟಿ ಅದು ತೇಲುತ್ತಿರುತ್ತದೆ. ಮೊದಲ ವಾರ ಮಗಳು ಇದನ್ನು ನೋಡಲೆಂದೇ ಅಡುಗೆಮನೆಗೆ ಬರುತ್ತಿದ್ದಳು. ಹನಿ ಆರಿದ ಮೇಲೆ ಎಣ್ಣೆ. ಸೂರ್ಯಕಾಂತಿಯಂಥ ರಿಫೈನ್ಡ್ ಎಣ್ಣೆ ಈ ಬಿಸಿ ತಾಳುತ್ತದೆ. ಬೆಣ್ಣೆ ತಾಳುವುದಿಲ್ಲ, ಅದರಲ್ಲಿರುವ ಹಾಲಿನ ಅಂಶ 150 ಡಿಗ್ರಿಯ ಹೊತ್ತಿಗೇ ಸುಡಲು ಶುರು. ಬೆಣ್ಣೆಯ ರುಚಿ ಬೇಕಿದ್ದರೆ ಒಲೆ ಆರಿಸಿದ ಮೇಲೆ ಒಂದು ಚಮಚ ಹಾಕಿ ಹೊರಳಿಸಿ.

ಈಗ ಚೂರುಗಳನ್ನು ಒಂದೇ ಪದರವಾಗಿ, ನಡುವೆ ಸ್ವಲ್ಪ ಜಾಗ ಬಿಟ್ಟು ಹರಡಬೇಕು. 26 ಸೆಂಟಿಮೀಟರಿನ ಬಾಣಲೆಯಲ್ಲಿ ಅರ್ಧ ಕಿಲೋ ಅಂದರೆ ಅಲ್ಲಿಗೆ ಸರಿ. ಒಂದು ಹಿಡಿ ಜಾಸ್ತಿಯಾದರೂ ಚೂರುಗಳು ಒತ್ತೊತ್ತಿ ಕೂತು, ಆವಿ ಹೊರಗೆ ಹೋಗಲು ದಾರಿಯಿಲ್ಲದೆ ಎಲ್ಲವೂ ಮೆತ್ತಗಾಗುತ್ತದೆ. ನೆಂಟರು ಬಂದ ದಿನ ಎರಡು ಸರದಿಯಲ್ಲಿ ಮಾಡುತ್ತೇನೆ.

ಹರಡಿದ ಮೇಲೆ ಕೈ ಕಟ್ಟಿ ನಿಲ್ಲಬೇಕು. ಐದು ನಿಮಿಷ ಮುಟ್ಟಬಾರದು. ನನಗೆ ಕಲಿಯಲು ತುಂಬಾ ಕಷ್ಟವಾದದ್ದು ಇದೇ. ಕೈಯಲ್ಲಿ ಸಟ್ಟುಗ ಇದ್ದರೆ ಆಡಿಸಬೇಕು ಅನ್ನಿಸುತ್ತದೆ. ಆ ಐದು ನಿಮಿಷ ನಾನು ಕಿವಿಗೆ ಕೆಲಸ ಕೊಡುತ್ತೇನೆ. ಮೊದಲು ಜೋರು ಮಳೆ ಸುರಿದ ಹಾಗೆ ಒತ್ತಾಗಿ ಸದ್ದು ಬರುತ್ತದೆ. ನೀರು ಆವಿಯಾಗುತ್ತಿರುವ ಸದ್ದು. ಬಾಣಲೆಯ ಮೇಲೆ ಹಬೆಯೂ ಕಾಣುತ್ತದೆ. ಎರಡು ಮೂರು ನಿಮಿಷ ಕಳೆದ ಮೇಲೆ ಮಳೆ ಇಳಿಯುತ್ತಾ ಬಂದು, ಬಿಡಿ ಬಿಡಿಯಾಗಿ ಚಿಟ್ ಚಿಟ್ ಅನ್ನತೊಡಗುತ್ತದೆ. ಹಬೆ ತೆಳ್ಳಗಾಗುತ್ತದೆ. ಆಗಲೇ ವಾಸನೆ ಬದಲಾಗುವುದು. ಬೆಂದ ಆಲೂಗಡ್ಡೆಯ ಮಣ್ಣು ಮಣ್ಣು ವಾಸನೆ ಹೋಗಿ, ಹುರಿದ ಬೀಜದಂಥ ಪರಿಮಳ ಏಳುತ್ತದೆ. ಚೂರಿನ ಬುಡದ ಅಂಚಿನಲ್ಲಿ ಕೆಂಪು ಗೆರೆಯೊಂದು ಕೂದಲೆಳೆಯಷ್ಟು ಮೇಲೆ ಹತ್ತಿರುತ್ತದೆ.

ಆಗ ಒಂದು ಚೂರಿನ ಅಡಿಗೆ ಸಟ್ಟುಗದ ತುದಿ ತೂರಿಸಿ ನೋಡಬೇಕು. ಪದರ ಕಟ್ಟಿದ್ದರೆ ಚೂರು ತಾನೇ ಬಿಟ್ಟುಕೊಳ್ಳುತ್ತದೆ. ಎಳೆದರೂ ಬರುತ್ತಿಲ್ಲ ಅಂದರೆ ಇನ್ನೂ ಒಂದು ನಿಮಿಷ ಬೇಕು ಅಂತ ಲೆಕ್ಕ. ಬಲವಂತ ಮಾಡಿದರೆ ಪದರ ಅಲ್ಲೇ ಉಳಿಯುತ್ತದೆ. ಬಿಟ್ಟುಕೊಂಡ ಮೇಲೆ ಮಗುಚಿ, ಮತ್ತೆ ಮೂರು ನಾಲ್ಕು ನಿಮಿಷ ಬಿಡುತ್ತೇನೆ. ಹೀಗೆ ಮೂರು ಸಲ. ಒಟ್ಟು ಒಂದು 15 ನಿಮಿಷ. ಈರುಳ್ಳಿ ಹಾಕುವುದಿದ್ದರೆ ಕೊನೆಯ ಐದು ನಿಮಿಷಕ್ಕೆ, ಬೆಳ್ಳುಳ್ಳಿ ಕೊನೆಯ ಒಂದು ನಿಮಿಷಕ್ಕೆ. ಮೊದಲೇ ಹಾಕಿದರೆ ಈರುಳ್ಳಿ ನೀರು ಬಿಡುತ್ತದೆ, ಬೆಳ್ಳುಳ್ಳಿ ಕಪ್ಪಾಗಿ ಕಹಿಯಾಗುತ್ತದೆ. ಕಾಳುಮೆಣಸು ಒಲೆಯಿಂದ ಇಳಿಸಿದ ಮೇಲೆ.

ಆಲೂಗಡ್ಡೆಯ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಆರಂಭದಲ್ಲಿ ಒಮ್ಮೆ ಎಷ್ಟು ಜೋಪಾನ ಮಾಡಿದರೂ ನಾಲ್ಕೇ ನಿಮಿಷಕ್ಕೆ ಕಡು ಕಂದು ಬಣ್ಣ ಬಂದು, ಕಹಿ ಹಿಡಿಯುತ್ತಿತ್ತು. ಒಂದು ವಾರ ಬಾಣಲೆಯನ್ನೇ ಬೈದೆ. ಕಾರಣ ಆಲೂಗಡ್ಡೆಯಲ್ಲಿತ್ತು. ಹಸಿ ಆಲೂಗಡ್ಡೆಯನ್ನು ಎರಡು ವಾರ ಫ್ರಿಜ್ಜಿನಲ್ಲಿ ಇಟ್ಟಿದ್ದೆವು. ತುಂಬಾ ತಣ್ಣಗಿರುವ ಕಡೆ ಹಸಿ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗಿ ಬದಲಾಗುತ್ತದೆ. ಸಕ್ಕರೆ ಹೆಚ್ಚಿದರೆ ಬೇಗ ಕಪ್ಪಾಗುತ್ತದೆ. ಅಕ್ರಿಲಮೈಡ್ ಅನ್ನುವ ಬೇಡದ ವಸ್ತುವೂ ಜಾಸ್ತಿಯಾಗುತ್ತದೆ. ಹುರಿದ, ಕರಿದ ಪಿಷ್ಟದ ತಿನಿಸುಗಳಲ್ಲಿ ಇದು ಇರುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಹೊರಗೆ ತಂದರು. ಅಂದಿನಿಂದ ನಮ್ಮ ಹಸಿ ಆಲೂಗಡ್ಡೆ ಕತ್ತಲಿರುವ, ಗಾಳಿಯಾಡುವ ಬುಟ್ಟಿಯಲ್ಲಿ. ಬೇಯಿಸಿದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಈ ತೊಂದರೆ ಇಲ್ಲ. ಹೊಂಬಣ್ಣ ಬಂದಾಗ ಇಳಿಸುತ್ತೇನೆ, ಕಡು ಕಂದು ಆಗುವ ತನಕ ಕಾಯುವುದಿಲ್ಲ.

ಇನ್ನು ಬಾಣಲೆಯ ಆರೈಕೆ. ಪಳಗಿಸುವುದು ಅಂದರೆ ಮೈಗೆ ಎಣ್ಣೆ ಸವರಿಡುವುದು ಅಂತ ತಿಳಿದಿದ್ದೆ. ಹಾಗಲ್ಲ. ತೆಳ್ಳಗೆ ಸವರಿದ ಎಣ್ಣೆ ಹೆಚ್ಚು ಬಿಸಿಯಲ್ಲಿ ತನ್ನ ರೂಪವನ್ನೇ ಬದಲಿಸಿ, ಗಟ್ಟಿಯಾದ ಕಪ್ಪು ಪೊರೆಯಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ದಪ್ಪ ಸವರಿದರೆ ಅದು ಪೊರೆಯಾಗದೆ ಜಿಗುಟು ಕಲೆಯಾಗಿ ನಿಲ್ಲುತ್ತದೆ. ನಾನು ಅರ್ಧ ಚಮಚ ಎಣ್ಣೆಯನ್ನು ಒಳಗೆ ಹೊರಗೆ, ಹಿಡಿಗೆ ಎಲ್ಲ ಕಡೆ ಹಚ್ಚಿ, ಒಣ ಹತ್ತಿ ಬಟ್ಟೆಯಿಂದ ಪೂರ್ತಿ ಒರೆಸುತ್ತೇನೆ. ಬೆರಳು ಎಳೆದರೆ ಗೆರೆ ಬೀಳಬಾರದು. ಆಮೇಲೆ ಓವನ್ನಿನಲ್ಲಿ ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ಗಂಟೆ, ಅಲ್ಲೇ ಆರಲು ಬಿಡುವುದು. ಹೀಗೆ ಮೂರು ಸಲ ಮಾಡಿದ ಮೇಲೆ ಬಾಣಲೆಗೆ ಜೀವ ಬಂತು. ಈಗ ಒಳಮೈ ಕಪ್ಪು ರೇಷ್ಮೆಯಂತೆ ಹೊಳೆಯುತ್ತದೆ. ಆ ತರಿತರಿ ಇನ್ನೂ ಇದೆ, ಆದರೆ ಆಲೂಗಡ್ಡೆ ಅಂಟುವುದಿಲ್ಲ.

ದಿನನಿತ್ಯದ ಕೆಲಸ ಕಷ್ಟವಲ್ಲ. ಬಾಣಲೆ ಉಗುರು ಬೆಚ್ಚಗಿರುವಾಗ ಬಿಸಿನೀರಿನಲ್ಲಿ ಬ್ರಷ್ ಹಾಕಿ ತಿಕ್ಕುತ್ತೇನೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಬಳಸಿದರೂ ಪೊರೆಗೆ ಏನೂ ಆಗುವುದಿಲ್ಲ. ಸೋಪು ಮುಟ್ಟಿಸಲೇಬಾರದು ಅನ್ನುವ ಮಾತು ಕ್ಷಾರ ಜಾಸ್ತಿ ಇದ್ದ ಹಳೇ ಸೋಪಿನ ಕಾಲದ್ದು. ಕಾದು ಕೆಂಡವಾಗಿರುವಾಗ ಮಾತ್ರ ತಣ್ಣೀರು ಸುರಿಯಬಾರದು, ಬೀಡು ಬಿರುಕು ಬಿಡಬಹುದು. ತೊಳೆದು ಒರೆಸಿ, ಒಲೆಯ ಮೇಲೆ ಎರಡು ನಿಮಿಷ ಇಟ್ಟು ಪೂರ್ತಿ ಒಣಗಿಸಿ, ಒಂದು ಹನಿ ಎಣ್ಣೆ ಸವರುತ್ತೇನೆ. ಎಲ್ಲ ಸೇರಿ ನಾಲ್ಕು ನಿಮಿಷ.

ಒಂದು ರಾತ್ರಿ ಅತ್ತಿಗೆ ಮನೆಗೆ ಬಂದಿದ್ದರು. ಪ್ರೀತಿಯಿಂದಲೇ ಎಲ್ಲ ಪಾತ್ರೆ ತೊಳೆದು, ಇದನ್ನು ಮಾತ್ರ ಬೆಳಗ್ಗೆ ನೋಡೋಣ ಅಂತ ನೀರು ತುಂಬಿಸಿ ಇಟ್ಟಿದ್ದರು. ಬೆಳಗ್ಗೆ ಎದ್ದು ನೋಡಿದರೆ ನೀರು ಕಾವಿ ಬಣ್ಣ, ತಳದಲ್ಲಿ ಅಂಗೈಯಗಲ ತುಕ್ಕು. ಅತ್ತಿಗೆ ತುಂಬಾ ನೊಂದುಕೊಂಡರು. ‘ಏನೂ ಆಗಿಲ್ಲ ಅತ್ತಿಗೆ, ಸರಿ ಹೋಗುತ್ತೆ’ ಅಂದೆ. ನಿಜಕ್ಕೂ ಸರಿ ಹೋಯಿತು. ಸ್ಟೀಲ್ ನಾರಿನಿಂದ ತುಕ್ಕು ಹೋಗುವ ತನಕ ಉಜ್ಜಿ, ತೊಳೆದು, ಒಣಗಿಸಿ, ಎರಡು ಸಲ ಮತ್ತೆ ಪಳಗಿಸಿದೆ. ಮೂರನೇ ದಿನಕ್ಕೆ ಆಲೂಗಡ್ಡೆ ಮೊದಲಿನ ಹಾಗೇ ಬಂತು. ನಾನ್‌ಸ್ಟಿಕ್ ಪ್ಯಾನಿನ ಲೇಪನ ಒಮ್ಮೆ ಹೋದರೆ ಮುಗಿಯಿತು. ಇದು ಹಾಗಲ್ಲ ಅನ್ನುವುದು ನನಗೆ ಅವತ್ತು ಮನದಟ್ಟಾಯಿತು.

ಈಗ ಕೊರತೆಗಳು. ಮೊದಲನೆಯದು ಭಾರ. ನಾನು ಎರಡೂ ಕೈಯಲ್ಲಿ ಎತ್ತುತ್ತೇನೆ. ಹೆಂಡತಿಗೆ ಮಣಿಕಟ್ಟಿನ ನೋವಿದೆ. ಅವಳು ಇದನ್ನು ಎತ್ತಲಾರಳು, ಒಲೆಯ ಮೇಲಿದ್ದರೆ ಮಾತ್ರ ಬಳಸುತ್ತಾಳೆ. ತೊಳೆಯುವುದು ಯಾವಾಗಲೂ ನನ್ನ ಕೆಲಸ. ಮನೆಯಲ್ಲಿ ವಯಸ್ಸಾದವರೇ ಇದ್ದರೆ, ಅಥವಾ ಕೈಗೆ ಬಲ ಕಡಿಮೆ ಇದ್ದರೆ ದಯವಿಟ್ಟು ಇದು ಬೇಡ.

ಹಿಡಿ ಬಾಣಲೆಯಷ್ಟೇ ಸುಡುತ್ತದೆ. ಎರಡನೇ ವಾರ ಮರೆತು ಬರಿಗೈಯಲ್ಲಿ ಹಿಡಿದೆ. ಅಂಗೈಯಲ್ಲಿ ಎದ್ದ ಬೊಬ್ಬೆ ಆರಲು ಹತ್ತು ದಿನ ಬೇಕಾಯಿತು. ಈಗ ಹಿಡಿಗೆ ಯಾವಾಗಲೂ ದಪ್ಪ ಮಸಿಬಟ್ಟೆ ಸುತ್ತಿರುತ್ತೇನೆ. ಒಲೆ ಆರಿಸಿ ಕಾಲು ಗಂಟೆಯಾದರೂ ಮಗಳು ಹತ್ತಿರ ಬರುವ ಹಾಗಿಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ಗಮನದಲ್ಲಿ ಇಡಿ.

ಬಿಸಿ ಒಂದೇ ಸಮ ಇರುವುದಿಲ್ಲ. ಕಪ್ಪು ಮೈಯ ಬಿಸಿ ದೂರದಿಂದಲೇ ನೋಡುವ ಥರ್ಮಾಮೀಟರ್ ಹಿಡಿದು ಅಳೆದಾಗ ಬರ್ನರಿನ ಉರಿ ತಾಗುವ ಉಂಗುರದಲ್ಲಿ 230, ಅಂಚಿನಲ್ಲಿ 170 ಡಿಗ್ರಿ ಇತ್ತು. ಸಣ್ಣ ಬರ್ನರಿನಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಅದಕ್ಕೇ ದೊಡ್ಡ ಬರ್ನರು, ಹದ ಉರಿ, ಎರಡು ನಿಮಿಷಕ್ಕೊಮ್ಮೆ ಬಾಣಲೆಯನ್ನು ಕಾಲು ಸುತ್ತು ತಿರುಗಿಸುವುದು. ಇಂಡಕ್ಷನ್ನಿನ ಮೇಲೂ ಕೆಲಸ ಮಾಡುತ್ತದೆ, ಆದರೆ ಎಳೆದಾಡಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ಎತ್ತಿಯೇ ಇಡಬೇಕು.

ಟೊಮೆಟೊ, ನಿಂಬೆರಸ ಇದರಲ್ಲಿ ಕುದಿಸಬೇಡಿ. ಹುಳಿ ಆ ಪೊರೆಯನ್ನು ತಿನ್ನುತ್ತದೆ, ತಿಂಡಿಗೆ ಕಬ್ಬಿಣದ ಒಗರು ಬರುತ್ತದೆ. ನಿಂಬೆ ಬೇಕಿದ್ದರೆ ತಟ್ಟೆಯಲ್ಲಿ ಹಿಂಡಿಕೊಳ್ಳಿ. ಹುರಿದದ್ದನ್ನು ಬಾಣಲೆಯಲ್ಲೇ ಬಿಟ್ಟರೂ ತಪ್ಪು. ಒಲೆ ಆರಿಸಿದ ಮೇಲೂ ಅದು ಬಿಸಿ ಬಿಡುವುದಿಲ್ಲ, ಹೊಂಬಣ್ಣ ಕಪ್ಪಾಗುತ್ತಾ ಹೋಗುತ್ತದೆ. ಹದ ಬಂದ ಕೂಡಲೇ ಅಗಲ ತಟ್ಟೆಗೆ ಸುರಿಯಬೇಕು, ಮುಚ್ಚಳ ಹಾಕಬಾರದು.

ಹಾಗಾದರೆ ಯಾರು ತೆಗೆದುಕೊಳ್ಳಬೇಕು? ಬೆಳಗ್ಗೆ ಹತ್ತೇ ನಿಮಿಷ ಇರುವವರಿಗೆ ಒಳ್ಳೆಯ ನಾನ್‌ಸ್ಟಿಕ್ ಪ್ಯಾನೇ ಸಾಕು. ಹದ ಉರಿಯಲ್ಲಿ, ಎಣ್ಣೆ ಹಾಕಿಯೇ ಕಾಯಿಸಿದರೆ ಅದೂ ಬಾಳಿಕೆ ಬರುತ್ತದೆ. ತಿಂಡಿ ಚೆಂದವೇ ಆಗುತ್ತದೆ. ಅರ್ಧ ಗಂಟೆ ಒಲೆಯ ಮುಂದೆ ನಿಲ್ಲಲು ಬೇಸರವಿಲ್ಲ, ಆ ದಪ್ಪ ಕೆಂಪು ಪದರವೇ ಬೇಕು ಅನ್ನುವವರು ಇದನ್ನು ತೆಗೆದುಕೊಳ್ಳಿ. ಕೊಳ್ಳುವಾಗ ಎರಡು ಕೈಯಲ್ಲಿ ಹಿಡಿದು ಎದೆಯೆತ್ತರಕ್ಕೆ ಎತ್ತಿ ನೋಡಿ. ತಳವನ್ನು ಸಮ ನೆಲದ ಮೇಲಿಟ್ಟು ಒತ್ತಿ, ಅಲ್ಲಾಡಬಾರದು. ಎದುರು ಬದಿಯ ಕಿವಿ ಇಲ್ಲದ ಬಾಣಲೆ ಬೇಡ. ಒಬ್ಬಿಬ್ಬರಿಗಾದರೆ 20 ಸೆಂಟಿಮೀಟರಿನದೇ ಸಾಕು, ಭಾರವೂ ಕಡಿಮೆ.

ಕಳೆದ ತಿಂಗಳಿಂದ ಮಗಳೇ ಚೂರುಗಳನ್ನು ಹೆಚ್ಚಿ ಕೊಡುತ್ತಿದ್ದಾಳೆ. ಒಲೆಯಿಂದ ಎರಡು ಹೆಜ್ಜೆ ದೂರ ಸ್ಟೂಲಿನ ಮೇಲೆ ಕೂತು ಕಿವಿಗೊಡುತ್ತಾಳೆ. ಸದ್ದು ಇಳಿದು ಚಿಟ್ ಚಿಟ್ ಅನ್ನತೊಡಗಿದ ಕೂಡಲೇ, ‘ಅಪ್ಪಾ, ಮಳೆ ನಿಂತಿತು, ಈಗ ಮಗುಚು’ ಅನ್ನುತ್ತಾಳೆ.